ಕ್ಯಾಲಿಫೋರ್ನಿಯಾದ ಖೈಬರ್

ನಾವು ಓದಿದ ಉರ್ದು ಶಾಲೆಯ ಗೋಡೆಗೆ ಬಟ್ಟೆಯ ಭೂಪಟವೊಂದನ್ನು ನೇತುಹಾಕಿದ್ದರು. ಮೇಷ್ಟ್ರು ಬೆತ್ತದ ತುದಿಯನ್ನು ಅದರ ಎಡಮೂಲೆಗಿಟ್ಟು, ಇದೇ ಖೈಬರ್ ಕಣಿವೆ, ಹಿಂದೂಸ್ತಾನದ ಬಾಗಿಲು ಎನ್ನುತ್ತಿದ್ದರು. ಬೆತ್ತ ತಾಗಿ ತಾಗಿ ಆ ಜಾಗದ ಬಣ್ಣವೇ ಅಳಿಸಿಹೋಗಿತ್ತು. ಎಷ್ಟೋ ವರ್ಷಗಳ ಮೇಲೆ ಆ ಗಡಿನಾಡನ್ನು ನಾವು ಒಂದು ಹಳೆಯ ಇಂಗ್ಲಿಷ್ ಸಿನಿಮಾದಲ್ಲಿ ಕಂಡೆವು. 1939ರ ‘ಗುಂಗಾ ದಿನ್’. ಉರುಟು ಬಂಡೆಗಳು, ಒಣಗಿದ ನೆಲ, ಹಿಂದೆ ಹಿಮ ಹೊದ್ದ ಶಿಖರಗಳ ಸಾಲು. ಮೇಷ್ಟ್ರು ಹೇಳಿದ್ದು ಇದನ್ನೇ ಎಂದು ನಂಬಿಬಿಟ್ಟಿದ್ದೆವು. ಅದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲೋನ್ ಪೈನ್ ಎಂಬ ಪುಟ್ಟ ಊರಿನ ಹಿತ್ತಲು ಎಂದು ತಿಳಿದದ್ದು ಬಹಳ ತಡವಾಗಿ.

ಲೋನ್ ಪೈನ್ ಎಂದರೆ ಒಂಟಿ ಪೈನ್ ಮರ. ಸುಮಾರು ಎರಡು ಸಾವಿರ ಜನರ ಊರು. ಹಾಲಿವುಡ್ಡಿನಿಂದ ಉತ್ತರಕ್ಕೆ ಸುಮಾರು 340 ಕಿ.ಮೀ. ದೂರದಲ್ಲಿ, 395ನೇ ಹೆದ್ದಾರಿಯ ಮೇಲೆ, ಓವೆನ್ಸ್ ಕಣಿವೆಯಲ್ಲಿದೆ. ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತಗಳು. 14,505 ಅಡಿ ಎತ್ತರದ ಮೌಂಟ್ ವಿಟ್ನಿ ಶಿಖರ ಊರಿನಿಂದಲೇ ಕಾಣುತ್ತದೆ. ಊರಿಗೂ ಪರ್ವತಕ್ಕೂ ನಡುವೆ ‘ಅಲಬಾಮಾ ಹಿಲ್ಸ್’ ಎಂಬ ಬಂಡೆಗುಡ್ಡಗಳ ಹರವು. 1920ರಲ್ಲಿ ‘ದಿ ರೌಂಡ್ ಅಪ್’ ಎಂಬ ಮೂಕಿ ಚಿತ್ರದ ತಂಡ ಇಲ್ಲಿ ಬಂದಿಳಿಯಿತು. ಅಲ್ಲಿಂದ ಈಚೆಗೆ ಈ ಬಂಡೆಗಳ ನಡುವೆ 400ಕ್ಕೂ ಹೆಚ್ಚು ಸಿನಿಮಾಗಳು ತಯಾರಾಗಿವೆ. ಹೆಚ್ಚಿನವು ಕುದುರೆ, ಕೋವಿ, ಅಗಲ ಟೋಪಿಯ ಕೌಬಾಯ್ ಕಥೆಗಳು. ಸಿನಿಮಾದವರು ಉಳಿಯಲೆಂದೇ 1923ರಲ್ಲಿ ಒಂದು ಹೋಟೆಲು ಎದ್ದಿತು.

1990ರಿಂದ ಊರಿನವರು ಅಕ್ಟೋಬರ್ ತಿಂಗಳಲ್ಲಿ ಈ ಇತಿಹಾಸದ ಹಬ್ಬ ಮಾಡುತ್ತಾರೆ. ಮೊದಲ ವರ್ಷ ರಾಯ್ ರೋಜರ್ಸ್ ಎಂಬ ಹಳೆಯ ಕೌಬಾಯ್ ನಟನನ್ನು ಕರೆಸಿ ಬಂಡೆಗಳ ಬಳಿ ಸ್ಮಾರಕ ಫಲಕ ಹಾಕಿಸಿದರು. ಅಲ್ಲಿನ ಮಣ್ಣು ದಾರಿಯ ಹೆಸರೇ ‘ಮೂವೀ ರೋಡ್’. 2006ರಲ್ಲಿ ಸಿನಿಮಾ ಮ್ಯೂಸಿಯಂ ಒಂದು ಬಾಗಿಲು ತೆರೆಯಿತು. ಹಬ್ಬದಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಜನ ಹಳೆಯ ಚಿತ್ರಗಳ ಫೋಟೋಗಳನ್ನು ಕೈಯಲ್ಲಿ ಹಿಡಿದು ಗುಡ್ಡಗಳಲ್ಲಿ ಅಲೆಯುತ್ತಾರೆ. ಫೋಟೋದಲ್ಲಿರುವ ಬಂಡೆಯ ಬಿರುಕನ್ನೂ ಎದುರಿಗಿರುವ ಬಂಡೆಯ ಬಿರುಕನ್ನೂ ತಾಳೆ ನೋಡುತ್ತಾರೆ. ಕ್ಯಾಮೆರಾ ನಿಂತಿದ್ದು ಇಲ್ಲೇ, ನಾಯಕ ಕುದುರೆಯಿಂದ ಹಾರಿದ್ದು ಅಗೋ ಅಲ್ಲಿಂದ ಎಂದು ಪತ್ತೆ ಹಚ್ಚಿದಾಗ ಮಕ್ಕಳಂತೆ ಕುಣಿಯುತ್ತಾರೆ. ಸಣ್ಣ ಊರೊಂದು ತನ್ನ ಕಲ್ಲುಗಳನ್ನು ಇಷ್ಟು ಅಕ್ಕರೆಯಿಂದ ಓದುವುದನ್ನು ಹಗುರವಾಗಿ ಕಾಣಲಾಗದು. ನಮ್ಮ ಕಡೆ ಶಾಸನವಿರುವ ಕಲ್ಲಿನ ಮೇಲೆಯೇ ಬಟ್ಟೆ ಒಗೆಯುವುದನ್ನು ಕಂಡವರು ನಾವು.

ಆದರೆ ಆ ಕಲ್ಲುಗಳು ಯಾರ ಊರಿನ ಪಾತ್ರ ಮಾಡಿದವು ಎಂದು ಕೇಳಿದರೆ, ನಮಗೂ ಅದಕ್ಕೂ ಒಂದು ನಂಟು ತೆರೆದುಕೊಳ್ಳುತ್ತದೆ.

ಹಿಮಶಿಖರಗಳ ಕೆಳಗೆ ಬೋಳು ಬಂಡೆಗಳಿರುವ ಈ ನೋಟ, ಹಡಗು ಹತ್ತಿ ಹಿಂದೂಸ್ತಾನಕ್ಕೆ ಬರುವ ಖರ್ಚನ್ನು ಹಾಲಿವುಡ್ಡಿಗೆ ಉಳಿಸಿತು. 1935ರ ‘ದಿ ಲೈವ್ಸ್ ಆಫ್ ಎ ಬೆಂಗಾಲ್ ಲ್ಯಾನ್ಸರ್’ ಚಿತ್ರದಲ್ಲಿ ಇದು ವಾಯವ್ಯ ಗಡಿಯಾಯಿತು. ಅದರ ಖಳನಾಯಕ ಮೊಹಮ್ಮದ್ ಖಾನ್. ಆ ಪಾತ್ರ ಮಾಡಿದವನು ಕೆನಡಾ ಮೂಲದ ಬಿಳಿಯ ನಟ. ಆಮೇಲೆ ಬಂದದ್ದು ಕಿಪ್ಲಿಂಗನ ಪದ್ಯದ ಹೆಸರು ಹೊತ್ತ ‘ಗುಂಗಾ ದಿನ್’. ಸುಮಾರು 19 ಲಕ್ಷ ಡಾಲರ್ ಸುರಿದು, ಬಂಡೆಗಳ ನಡುವೆ ದೇವಸ್ಥಾನ ಕಟ್ಟಿ, ನೂರಾರು ಜನರಿಗೆ ಪೇಟ ಸುತ್ತಿಸಿದರು. ಇಲ್ಲಿ ದುಷ್ಟರು ಕಾಳಿಯ ಭಕ್ತರಾದ ಥಗ್ಗರು; ಅವರ ಗುರುವಿನ ವೇಷ ಹಾಕಿದವನು ಇಟಲಿಯಲ್ಲಿ ಹುಟ್ಟಿದವನು. ಬ್ರಿಟಿಷ್ ಸಿಪಾಯಿಗಳಿಗೆ ನೀರು ಹೊರುವ ಗುಂಗಾ ದಿನ್ ಆದವನು ನ್ಯೂಯಾರ್ಕಿನ ಯಹೂದಿ ನಟ ಸ್ಯಾಮ್ ಜಾಫೆ. ಕೊನೆಗೆ ಈ ಭಿಸ್ತಿ ಗುಮ್ಮಟ ಹತ್ತಿ ಕಹಳೆ ಊದಿ ದೊರೆಗಳ ಪಡೆಯನ್ನು ಉಳಿಸುತ್ತಾನೆ, ತಾನು ಸಾಯುತ್ತಾನೆ. ಸತ್ತ ಮೇಲೆ ಅವನಿಗೆ ಸೈನಿಕನ ಸಮವಸ್ತ್ರ ಸಿಗುತ್ತದೆ. ಬದುಕಿದ್ದಾಗ ಸಿಕ್ಕಿದ್ದು ಚರ್ಮದ ಮಶಕ ಮಾತ್ರ.

ನಾವು ಗಮನಿಸಿದ್ದು ಇದು: ನಾಲ್ಕು ವರ್ಷಗಳ ಅಂತರದಲ್ಲಿ ಅದೇ ಬಂಡೆಗಳ ಮರೆಯಿಂದ ಒಮ್ಮೆ ಮುಸ್ಲಿಂ ಖಳ, ಇನ್ನೊಮ್ಮೆ ಹಿಂದೂ ಖಳ ಹೊರಬಂದ. ಪೇಟವೊಂದಿದ್ದರೆ ಆ ಕ್ಯಾಮೆರಾಕ್ಕೆ ಸಾಕಿತ್ತು. ಒಳಗಿನ ತಲೆ ಯಾವ ದಿಕ್ಕಿಗೆ ಬಾಗುತ್ತದೆ ಎಂಬ ವಿಚಾರಣೆಯನ್ನು ಅದು ಮಾಡಲಿಲ್ಲ. ನಾವು ನಾವೇ ಆ ವಿಚಾರಣೆಯಲ್ಲಿ ಮುಳುಗಿರುವ ಕಾಲದಲ್ಲಿ ಈ ಚಿತ್ರಗಳನ್ನು ಜೋಡಿಯಾಗಿ ನೋಡುವುದು ಒಳ್ಳೆಯದು.

ಅಂದಿನ ಜನ ಸುಮ್ಮನಿರಲಿಲ್ಲ. ಆಗ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯಲ್ಲಿದ್ದ ಖ್ವಾಜಾ ಅಹ್ಮದ್ ಅಬ್ಬಾಸ್, ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಮಾಸಿಕದಲ್ಲಿ ‘ಗುಂಗಾ ದಿನ್’ ವಿರುದ್ಧ ಕಟುವಾಗಿ ಬರೆದರು. ಅದರ ಹಿಂದಿನ ವರ್ಷ ‘ದಿ ಡ್ರಮ್’ ಎಂಬ ಇಂಥದೇ ಇನ್ನೊಂದು ಚಿತ್ರದ ವಿರುದ್ಧ ಬೊಂಬಾಯಿಯ ಬೀದಿಗಳಲ್ಲಿ ಜನ ಪ್ರತಿಭಟಿಸಿದ್ದರು. ‘ಗುಂಗಾ ದಿನ್’ ಬಂಗಾಳ ಮತ್ತು ಬೊಂಬಾಯಿ ಪ್ರಾಂತ್ಯಗಳಲ್ಲಿ ನಿಷೇಧಗೊಂಡಿತು. ಬ್ರಿಟಿಷರನ್ನು ಹೊಗಳುವ ಸಿನಿಮಾವನ್ನು ಬ್ರಿಟಿಷರ ಆಡಳಿತವೇ ತಡೆಹಿಡಿಯಬೇಕಾಯಿತು! ಸಿನಿಮಾ ಹೋರಾಟಕ್ಕೆ ಬೆಂಕಿ ಹಚ್ಚೀತೆಂಬ ಭಯ ಅವರಿಗಿತ್ತು.

1953ರಲ್ಲಿ ‘ಕಿಂಗ್ ಆಫ್ ದಿ ಖೈಬರ್ ರೈಫಲ್ಸ್’ ಬಂತು. ಕಾಲ 1857, ಬಂಡೆಗಳು ಅವೇ. ಈ ಸಲ ನಾಯಕನ ತಾಯಿ ಮುಸ್ಲಿಂ ಹೆಂಗಸು, ಆ ಕಾರಣಕ್ಕೆ ಸಹ ಅಧಿಕಾರಿಗಳು ಅವನನ್ನು ಓರೆಗಣ್ಣಿನಿಂದ ನೋಡುತ್ತಾರೆ. ಸ್ವಲ್ಪ ಮುಂದೆ ಬಂದಂತೆ ಕಾಣುತ್ತದೆ. ಆದರೆ 2008ರ ‘ಐರನ್ ಮ್ಯಾನ್’ ಚಿತ್ರದ ತಂಡ ಇಲ್ಲಿಗೆ ಬಂದಾಗ ಈ ಗುಡ್ಡಗಳು ಮತ್ತೆ ಅಫ್ಘಾನಿಸ್ತಾನವಾದವು. ಅಮೆರಿಕನ್ ಸೇನಾ ವಾಹನಗಳ ಮೇಲೆ ಬಾಂಬ್ ದಾಳಿಯಾಗುವುದು ಈ ಪ್ರದೇಶದಲ್ಲಿಯೇ. ನಾಯಕನನ್ನು ಗುಹೆಯಲ್ಲಿ ಕೂಡಿಹಾಕಿದವರು ಆಡುವ ಭಾಷೆಗಳನ್ನು ಅವನ ಜೊತೆಗಾರ ಕೈದಿ ಹೆಸರಿಸುತ್ತಾನೆ. ಅರಬ್ಬಿಯ ಬೆನ್ನಿಗೇ ಬರುವ ಹೆಸರು ಉರ್ದು. ನಮ್ಮ ಅಮ್ಮ ತೊಟ್ಟಿಲು ತೂಗಿದ ಭಾಷೆ ಆ ಗುಹೆಯನ್ನು ಹೊಕ್ಕದ್ದನ್ನು ಕೇಳಿ ನಮಗೆ ನಗುವೂ ಬಂತು, ಇನ್ನೇನೋ ಕೂಡ ಆಯಿತು.

ಹಾಗೆಂದು ಲೋನ್ ಪೈನಿನ ಜನರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕಥೆ ಬರೆದವರಲ್ಲ. ಬಂದವರಿಗೆ ಕೋಣೆ ಕೊಟ್ಟವರು, ಕುದುರೆ ಬಾಡಿಗೆಗೆ ಕೊಟ್ಟವರು. ಆ ಊರಿನ ಸ್ವಂತ ಕಥೆಯಂತೂ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ಗುಡ್ಡಗಳ ಹೆಸರನ್ನೇ ನೋಡಿ. ‘ಅಲಬಾಮಾ’ ಎಂಬುದು ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದವರ ಯುದ್ಧನೌಕೆ. ಆ ಪಕ್ಷದ ಅಭಿಮಾನಿಗಳಾದ ಗಣಿಗಾರರು 1860ರ ದಶಕದಲ್ಲಿ ಇಟ್ಟ ಹೆಸರು ಇದು. ಅದಕ್ಕೂ ಮೊದಲು ಇಲ್ಲಿ ಪಾಯೂಟ್ ಎಂಬ ಮೂಲನಿವಾಸಿಗಳಿದ್ದರು. ಕಾಲುವೆ ತೋಡಿ ನೀರು ಹಾಯಿಸುತ್ತಿದ್ದವರು. ಹರಿಯುವ ನೀರಿನ ನಾಡು ಎಂಬರ್ಥದ ಹೆಸರು ಅವರು ಇಟ್ಟದ್ದು. ದನ ಮೇಯಿಸುವ ಬಿಳಿಯರು ಬಂದ ಮೇಲೆ ಜಗಳ ಹತ್ತಿತು. 1863ರಲ್ಲಿ ಸೈನಿಕರು ಸುಮಾರು 900 ಪಾಯೂಟ್ ಜನರನ್ನು ಬೇಸಿಗೆಯ ಬಿಸಿಲಲ್ಲಿ ಪರ್ವತಗಳಾಚೆಯ ಕೋಟೆಗೆ ನಡೆಸಿಕೊಂಡು ಹೋದರು. ತಪ್ಪಿಸಿಕೊಂಡು ಮರಳಿದವರು ತಮ್ಮದೇ ನೆಲದಲ್ಲಿ ಕೂಲಿಗಳಾದರು. ಮುಂದೆ ಇದೇ ನೆಲದಲ್ಲಿ ಸಾಲುಸಾಲಾಗಿ ತಯಾರಾದ ಕೌಬಾಯ್ ಚಿತ್ರಗಳಲ್ಲಿ ಗುಂಡಿಗೆ ಸಿಕ್ಕಿ ಕುದುರೆಯಿಂದ ಉರುಳಬೇಕಾದವನು ‘ಇಂಡಿಯನ್’. ಕೊಲಂಬಸ್ ಮಾಡಿದ ತಪ್ಪಿನಿಂದ ಅವರಿಗೆ ನಮ್ಮ ಹೆಸರು ಬಿತ್ತು. ಹಾಲಿವುಡ್ಡಿನ ಉಳಿತಾಯದಿಂದ ನಮ್ಮ ಗಡಿ ಅವರ ನೆಲಕ್ಕೆ ಹೋಯಿತು.

ಆಮೇಲೆ ನೀರಿನ ಸರದಿ. ಲಾಸ್ ಏಂಜಲೀಸ್ ನಗರ ಈ ಕಣಿವೆಯ ಜಮೀನನ್ನೂ ನೀರಿನ ಹಕ್ಕನ್ನೂ ಕೊಂಡುಕೊಂಡು, 1913ರ ನವೆಂಬರಿನಲ್ಲಿ ದೊಡ್ಡ ನಾಲೆಯ ಮೂಲಕ ಇಲ್ಲಿಯ ಹೊಳೆಯನ್ನು ತನ್ನತ್ತ ತಿರುಗಿಸಿತು. ತೋಟಗಳು ಒಣಗಿದವು. ಓವೆನ್ಸ್ ಕೆರೆ 1920ರ ದಶಕದಲ್ಲಿ ಬತ್ತಿ ದೂಳಿನ ಬಯಲಾಯಿತು. 1924ರ ನವೆಂಬರಿನಲ್ಲಿ ರೈತರು ಲೋನ್ ಪೈನ್ ಬಳಿಯ ‘ಅಲಬಾಮಾ ಗೇಟ್ಸ್’ ತೂಬನ್ನು ವಶಪಡಿಸಿಕೊಂಡು ನಾಲ್ಕು ದಿನ ನೀರನ್ನು ಹಳೆಯ ಪಾತ್ರಕ್ಕೆ ಹರಿಬಿಟ್ಟರು. ಊರಿಗೆ ಊರೇ ಅಲ್ಲಿ ಅಡುಗೆ ಮಾಡಿ ಕೂತಿತು. ಹತ್ತಿರದಲ್ಲೇ ಶೂಟಿಂಗ್ ನಡೆಸುತ್ತಿದ್ದ ಟಾಮ್ ಮಿಕ್ಸ್ ಎಂಬ ಕೌಬಾಯ್ ನಟ ತನ್ನ ವಾದ್ಯದವರನ್ನು ಕರೆತಂದು ಅವರಿಗೆ ಸಂಗೀತ ಕೇಳಿಸಿದ. ಅಷ್ಟೇ. ನೀರು ಮತ್ತೆ ನಗರಕ್ಕೇ ಹೋಯಿತು. ಕ್ಯಾಮೆರಾದವರಿಗೆ ಮೈಲುಗಟ್ಟಲೆ ಖಾಲಿ ನೆಲ, ಒಂದು ಬೇಲಿಯೂ ಅಡ್ಡ ಬರದ ನೋಟ ಸಿಕ್ಕಿದ್ದರಲ್ಲಿ ಈ ನಾಲೆಯ ಪಾಲೂ ಇದೆ ಎಂಬುದು ನಮ್ಮ ಎಣಿಕೆ. ನೀರು ಕುಡಿದ ನಗರ, ಸಿನಿಮಾ ಮಾಡಿದ ನಗರ, ಎರಡೂ ಒಂದೇ.

ಲೋನ್ ಪೈನಿನಲ್ಲಿ ತಯಾರಾದ ಒಂದು ಚಿತ್ರವನ್ನು ನಾವು ಬೇರೆಯಾಗಿಯೇ ಎತ್ತಿಡುತ್ತೇವೆ. 1955ರ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’, ನಿರ್ದೇಶಕ ಜಾನ್ ಸ್ಟರ್ಜಸ್. ಒಂದು ಕೈ ಕಳೆದುಕೊಂಡ ಮಾಜಿ ಸೈನಿಕ ರೈಲಿಳಿದು ಪುಟ್ಟ ಊರಿಗೆ ಬಂದು, ಜಪಾನಿ ಮೂಲದ ರೈತನೊಬ್ಬನನ್ನು ವಿಚಾರಿಸುತ್ತಾನೆ. ಊರಿಗೆ ಊರೇ ಬಾಯಿ ಹೊಲಿದುಕೊಂಡಿದೆ. ಪರ್ಲ್ ಹಾರ್ಬರ್ ದಾಳಿಯ ಮರುದಿನ ಅವನನ್ನು ಕೊಂದು ಹೂತಿರುವ ಊರು ಅದು. ಸತ್ತ ರೈತನ ಮುಖವನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ.

ಸ್ಟರ್ಜಸ್ ಮುಂದೆ 1960ರಲ್ಲಿ ಮಾಡಿದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ನಮ್ಮ ‘ಶೋಲೆ’ಗೆ ಪ್ರೇರಣೆ ಕೊಟ್ಟ ಚಿತ್ರಗಳಲ್ಲಿ ಒಂದು. ಹೀಗೆ ದಾರಿ ಸುತ್ತಿ ರಾಮನಗರಕ್ಕೆ ಬರುತ್ತದೆ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಬಂದು ಬಂಡೆಗಳ ನಡುವೆ ಸೆಟ್ ಹಾಕಿದ ಮೇಲೆ ರಾಮಗಢ ಎಂಬ ಇನ್ನೊಂದು ಹೆಸರೂ ಅಂಟಿತು. 2025ರ ಆಗಸ್ಟ್ 15ಕ್ಕೆ ಚಿತ್ರಕ್ಕೆ ಐವತ್ತು ತುಂಬಿತು. ಬಂದವರು ಈಗಲೂ ಗಬ್ಬರ್‌ನ ಬಂಡೆ ಎಲ್ಲಿ ಎಂದು ಕೇಳುತ್ತಾರೆ. ಸಿನಿಮಾದಲ್ಲಿ ಎ.ಕೆ. ಹಾನಗಲ್ ಮಾಡಿದ ಕುರುಡ ಇಮಾಮ್ ಸಾಹೇಬರು ಮಗನ ಹೆಣದ ಮುಂದೆ ನಿಂತು, ಊರಿನ ಮಾನಕ್ಕಾಗಿ ಮಾತಾಡಿ ನಮಾಝಿಗೆ ನಡೆಯುವುದನ್ನು ನೋಡಿ ಅತ್ತವರಲ್ಲಿ ನಾವೂ ಇದ್ದೇವೆ. ಆದರೆ ಬಂಡೆಗಳಿಂದ ಸ್ವಲ್ಪ ದೂರದ ಪೇಟೆಯಲ್ಲಿ ಕುದಿಯುವ ನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಸಾಹೇಬರನ್ನು, ಅವರ ಬೆರಳ ತುದಿ ಸುಕ್ಕುಗಟ್ಟಿರುವುದನ್ನು ನೋಡಲು ಯಾರೂ ಬಸ್ಸು ಮಾಡಿಕೊಂಡು ಬರುವುದಿಲ್ಲ. ಹಾಗಾಗಿ ಲೋನ್ ಪೈನಿಗೆ ಪಾಠ ಹೇಳುವ ಮುನ್ನ ನಾವು ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ.

‘ಬ್ಯಾಡ್ ಡೇ’ ಚಿತ್ರಕ್ಕೆ ಸೆಟ್ ಹಾಕಿದ ಆ ಊರಿನಿಂದ ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 15 ಕಿ.ಮೀ. ಹೋದರೆ ಮಾಂಜನಾರ್ ಸಿಗುತ್ತದೆ. ಅಲ್ಲಿಯದು ಸೆಟ್ ಆಗಿರಲಿಲ್ಲ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹಾಕಿದ ಒಂದು ಸಹಿಯಿಂದ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಇಂಥ ಶಿಬಿರಗಳಿಗೆ ತಂದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಮಾಂಜನಾರಿನಲ್ಲಿ ಒಂದು ಹಂತದಲ್ಲಿ 10,000ಕ್ಕೂ ಹೆಚ್ಚು ಜನ ಮುಳ್ಳುತಂತಿಯೊಳಗಿದ್ದರು. ಹಲಗೆಯ ಸಂದುಗಳಿಂದ ದೂಳು ನುಗ್ಗುತ್ತಿತ್ತು. ಮೂರೂವರೆ ವರ್ಷ. ಯಾರ ಮೇಲೂ ಆರೋಪವಿರಲಿಲ್ಲ, ವಿಚಾರಣೆಯೂ ಇರಲಿಲ್ಲ. 1945ರ ನವೆಂಬರಿನಲ್ಲಿ ಶಿಬಿರ ಮುಚ್ಚಿದ ಮೇಲೆ ಕಟ್ಟಡಗಳನ್ನು ಕಳಚಿ ಮಾರಿದರು. ಉಳಿದವುಗಳಲ್ಲಿ ಒಂದು, ಆ ಜನರೇ 1943ರಲ್ಲಿ ಸ್ಮಶಾನದಲ್ಲಿ ಕಟ್ಟಿದ ಬಿಳಿ ಸ್ತಂಭ. ಸರ್ಕಾರ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದು 1992ರಲ್ಲಿ, ಸಿನಿಮಾ ಹಬ್ಬ ಶುರುವಾಗಿ ಎರಡು ವರ್ಷಗಳ ಮೇಲೆ.

ಆದರೆ ಅವರ ಮಕ್ಕಳು ಸರ್ಕಾರಕ್ಕಾಗಿ ಕಾದಿರಲಿಲ್ಲ. 1969ರಿಂದಲೇ ಅಲ್ಲಿಗೆ ಯಾತ್ರೆ ಹೋಗುತ್ತಿದ್ದಾರೆ. ಪ್ರತಿ ವರ್ಷ ಏಪ್ರಿಲ್ ಕೊನೆಯ ಶನಿವಾರ ಸ್ತಂಭದ ಮುಂದೆ ಸೇರಿ, ಹೂವಿಟ್ಟು, ಶಿಬಿರಗಳ ಹೆಸರುಗಳನ್ನು ಹಿಡಿದು ನಿಲ್ಲುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದಲ್ಲಿ ಮುಸ್ಲಿಮರತ್ತ ಬೆರಳು ತಿರುಗಿದಾಗ, ಈ ಹಾದಿಯನ್ನು ಒಮ್ಮೆ ತುಳಿದಿದ್ದೇವೆ ಎಂದು ಮೊದಲು ಎದ್ದು ನಿಂತವರಲ್ಲಿ ಜಪಾನಿ ಮೂಲದ ಅಮೆರಿಕನ್ನರಿದ್ದರು. ಅಂದಿನಿಂದ ಲಾಸ್ ಏಂಜಲೀಸ್ ಕಡೆಯ ಮುಸ್ಲಿಮರೂ ಬಸ್ಸು ಹತ್ತಿ ಆ ಯಾತ್ರೆಗೆ ಬರುತ್ತಾರೆ. ಬೌದ್ಧ, ಕ್ರೈಸ್ತ ಪ್ರಾರ್ಥನೆಗಳ ಜೊತೆಗೆ ಅಲ್ಲಿ ಮುಸ್ಲಿಮರ ದುಆ ಕೂಡ ನಡೆಯುತ್ತದೆ. ಆ ಬಸ್ಸು ಮಾಂಜನಾರ್ ಮುಟ್ಟುವ ಮುನ್ನ ಲೋನ್ ಪೈನ್ ಊರಿನ ನಡುವೆಯೇ ಹಾದು ಹೋಗಬೇಕು. ಎಡಗಡೆಯ ಕಿಟಕಿಯಲ್ಲಿ ಕೂತವರಿಗೆ ಖೈಬರ್ ಬಂಡೆಗಳು ಕಾಣುತ್ತವೆ.