ಉಳಿಕೆಗಳ ಸಂಪುಟ

ಕರ್ತೃವಿನ ಮಹಾಕೃತಿಗಳನ್ನು ಕಾಲವೇ ಕಾಪಾಡುತ್ತದೆ; ಅವನ ಬಿಡಿ ಬರಹಗಳನ್ನು ಯಾರಾದರೂ ಆಯ್ದು ಕಟ್ಟಿಡಬೇಕಾಗುತ್ತದೆ. ಸಂಗೀತಗಾರರ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಆಂಗ್ಲ ದೇಶದ ಪ್ರೋಗ್ರೆಸಿವ್ ರಾಕ್ ಸಂಗೀತ ಮಂಡಳಿಯಾದ ಪಿಂಕ್ ಫ್ಲಾಯ್ಡ್‌ನ ‘ರೆಲಿಕ್ಸ್’ ಎಂಬ ಸಂಪುಟವನ್ನು ನಾವು ಈ ದೃಷ್ಟಿಯಿಂದ ನೋಡಬಯಸುತ್ತೇವೆ.

ಲಂಡನ್ನಿನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಾಗಿದ್ದ ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಎಂಬ ಮೂವರೊಡನೆ ಸಿಡ್ ಬ್ಯಾರೆಟ್ ಎಂಬ ತರುಣನು ಕೂಡಿದಾಗ ಈ ಮಂಡಳಿಗೆ ರೂಪ ಬಂದಿತು. ಮಂಡಳಿಗೆ ಹೆಸರನ್ನಿಟ್ಟವನೂ, ಮೊದಲ ಹಾಡುಗಳನ್ನು ರಚಿಸಿದವನೂ ಬ್ಯಾರೆಟ್ಟನೇ. 1967ರಲ್ಲಿ ಅವನ ‘ಆರ್ನಲ್ಡ್ ಲೇನ್’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 20ನೆಯ ಸ್ಥಾನವನ್ನೂ, ‘ಸೀ ಎಮಿಲಿ ಪ್ಲೇ’ 6ನೆಯ ಸ್ಥಾನವನ್ನೂ ಪಡೆದವು. ಆದರೆ ಅಷ್ಟರಲ್ಲಿಯೇ ಅವನ ಮನಸ್ಸಿನ ಸ್ವಾಸ್ಥ್ಯ ಕೆಡತೊಡಗಿತ್ತು. 1968ರ ಏಪ್ರಿಲಿನಲ್ಲಿ ಅವನು ಮಂಡಳಿಯಿಂದ ಬೇರೆಯಾದನು. ಡೇವಿಡ್ ಗಿಲ್ಮೋರ್ ಅವನ ಸ್ಥಾನದಲ್ಲಿ ನಿಂತನು.

ಆ ಕಾಲದ ಬಿಡಿ ಮುದ್ರಿಕೆ 7 ಅಂಗುಲದ ಸಣ್ಣ ತಟ್ಟೆ. ಮುಂಬದಿಗೊಂದು ಹಾಡು, ಹಿಂಬದಿಗೊಂದು ಹಾಡು. ಕೆಲವು ವಾರ ಅಂಗಡಿಯಲ್ಲಿದ್ದು ಮರೆಯಾಗುವುದೇ ಅದರ ಧರ್ಮ. 1967–68ರಲ್ಲಿ ಪಿಂಕ್ ಫ್ಲಾಯ್ಡ್ ತನ್ನ ನಾಡಿನಲ್ಲಿ ಇಂತಹ 5 ತಟ್ಟೆಗಳನ್ನು ಹೊರಡಿಸಿತು. ಮೊದಲ ಎರಡು ಗೆದ್ದವು. ಉಳಿದ ಮೂರೂ ಪಟ್ಟಿಯ ಹೊಸ್ತಿಲನ್ನು ಕೂಡ ತುಳಿಯಲಿಲ್ಲ. ಅಲ್ಲಿಂದ ಮುಂದೆ ಮಂಡಳಿಯು ದೀರ್ಘ ರಚನೆಗಳ ಕಡೆಗೆ ತಿರುಗಿ, 1979ರ ಪರ್ಯಂತ ಬ್ರಿಟನ್ನಿನಲ್ಲಿ ಬಿಡಿ ಮುದ್ರಿಕೆಯನ್ನೇ ಹೊರಡಿಸಲಿಲ್ಲ.

1971ರ ಮೇ ತಿಂಗಳಲ್ಲಿ, ಅಗ್ಗದ ಬೆಲೆಯ ಸ್ಟಾರ್‌ಲೈನ್ ಮುದ್ರೆಯಲ್ಲಿ ‘ರೆಲಿಕ್ಸ್’ ಹೊರಬಂದಿತು. ಹೆಸರಿನ ಅರ್ಥ ಅವಶೇಷಗಳೆಂದು. ನಾಲ್ಕೇ ವರ್ಷದ ಹಿಂದಿನ ಹಾಡುಗಳಿಗೆ ಪುರಾತನ ವಸ್ತುಗಳ ಹೆಸರು! ಮೇಲ್ಹೊದಿಕೆಯ ವಿಚಿತ್ರ ಯಂತ್ರದ ಚಿತ್ರವನ್ನು ಬರೆದವನು ಮೇಸನ್. ಒಳಗಿದ್ದ 11 ರಚನೆಗಳಲ್ಲಿ 5 ಬಿಡಿ ಮುದ್ರಿಕೆಗಳಿಂದ ಬಂದವು, 5 ಹಿಂದಿನ ಸಂಪುಟಗಳಿಂದ ಆಯ್ದವು. ‘ಬೈಡಿಂಗ್ ಮೈ ಟೈಮ್’ ಎಂಬ ವಾಟರ್ಸನ ಹಾಡೊಂದು ಮಾತ್ರ ಅದುವರೆಗೆ ಪ್ರಕಟವಾಗದೆ ಉಳಿದಿದ್ದುದು. ಅದರಲ್ಲಿ ರೈಟನು ಟ್ರಾಂಬೋನ್ ನುಡಿಸಿದ್ದಾನೆ.

ಈ ಆಯ್ಕೆಯಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಗೆದ್ದ ಎರಡು ತಟ್ಟೆಗಳ ಮುಂಬದಿಯ ಹಾಡುಗಳು ಇಲ್ಲಿ ಸೇರಿವೆ. ಸೋತ ಮೂರು ತಟ್ಟೆಗಳ ಮುಂಬದಿಯ ಹಾಡುಗಳಾದರೋ ಒಂದೂ ಇಲ್ಲ. ಅವುಗಳ ಹಿಂಬದಿಯಲ್ಲಿದ್ದ ‘ಪೇಂಟ್ ಬಾಕ್ಸ್’, ‘ಜೂಲಿಯಾ ಡ್ರೀಮ್’, ‘ಕೇರ್‌ಫುಲ್ ವಿತ್ ದಟ್ ಆಕ್ಸ್, ಯೂಜೀನ್’ ಇವು ಮೂರೂ ಇವೆ. ಪೇಟೆಯನ್ನು ನೆಚ್ಚಿ ಮುಂದಿಟ್ಟದ್ದು ಬಿದ್ದುಹೋಯಿತು. ಜೊತೆಗೆ ಇರಲೆಂದು ಹಿಂದಿಟ್ಟದ್ದು ಉಳಿಯಿತು. ಅದರಲ್ಲಿಯೂ ಕೊನೆಯದು ಮಂಡಳಿಯ ಮುಂದಿನ ದೀರ್ಘ ವಾದನಶೈಲಿಗೆ ದಾರಿ ತೋರಿಸಿತು.

ಬಿಟ್ಟುಹೋದವುಗಳಿಗೆ ನ್ಯಾಯ ದೊರೆತದ್ದು ತಡವಾಗಿ. ಐದು ತಟ್ಟೆಗಳ ಹತ್ತು ಬದಿಗಳೂ ಒಂದೆಡೆ ಸೇರಿದ್ದು 1992ರ ‘ಶೈನ್ ಆನ್’ ಸಂಪುಟಮಾಲೆಯಲ್ಲಿ. ಬ್ಯಾರೆಟ್ 1967ರಲ್ಲಿ ರಚಿಸಿದ ‘ವೆಜಿಟಬಲ್ ಮ್ಯಾನ್’, ‘ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್’ ಎಂಬ ಹಾಡುಗಳನ್ನು ಮಂಡಳಿಯು ಅಧಿಕೃತವಾಗಿ ಹೊರತಂದದ್ದು 2016ರಲ್ಲಿ; ಅವನು ತೀರಿಕೊಂಡು ಆಗ ಹತ್ತು ವರ್ಷಗಳಾಗಿದ್ದವು.

ಉಳಿಕೆಗಳನ್ನು ಕೂಡಿಸುವವನು ಉಳಿಸುತ್ತಲೇ ಕಳೆಯುತ್ತಾನೆ. ಆದುದರಿಂದ ಇಂತಹ ಸಂಪುಟ ಕೈಗೆ ಬಂದಾಗ ಅದರೊಳಗೆ ಏನಿದೆಯೆಂದು ಕೇಳುವುದರೊಡನೆ ಏನಿಲ್ಲವೆಂದೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.