ಸೂಚ್ಯಂಕ ಆಪ್ಷನ್ ಪೇಟೆ: ದೊಡ್ಡ ಬಂಡವಾಳ, ಸಣ್ಣ ಹೂಡಿಕೆದಾರ

ದೊಡ್ಡ ಬಂಡವಾಳದ ಸಂಸ್ಥೆಯೊಂದು ತನ್ನ ಖರೀದಿ, ಮಾರಾಟದ ಭಾರದಿಂದಲೇ ಒಂದು ಪೇಟೆಯ ದರವನ್ನು ಏರಿಳಿಸಿ, ಅದಕ್ಕೆ ಹೊಂದಿಕೊಂಡ ಇನ್ನೊಂದು ಪೇಟೆಯಲ್ಲಿ ಲಾಭ ಮಾಡಿಕೊಳ್ಳುವುದುಂಟು. ವಹಿವಾಟು ಕಡಿಮೆಯಿರುವ ಸಣ್ಣ ಕಂಪನಿಗಳ ಷೇರುಗಳ ಬಗ್ಗೆ ಇಂಥ ಗುಮಾನಿ ಹಳೆಯದು. ಆದರೆ ಅಂಕಿಸಂಖ್ಯೆ ಸಮೇತ ಹೊರಬಂದಿರುವ ಪ್ರಮುಖ ಪ್ರಕರಣ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯದು.

ನಡೆದ ಬಗೆ

ಅಮೆರಿಕದ ಜೇನ್ ಸ್ಟ್ರೀಟ್ ಸಮೂಹದ ಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಹೊರಿಸಿದ ಆರೋಪ ಹೀಗಿದೆ. 2024ರ ಜನವರಿ 17, ಬುಧವಾರ, ವಾರದ ಆಪ್ಷನ್‌ಗಳ (ಸೂಚ್ಯಂಕದ ಮುಂದಿನ ಮಟ್ಟದ ಮೇಲಿನ ಒಪ್ಪಂದಗಳ) ಅವಧಿ ಮುಗಿಯುವ ದಿನ. ಎಚ್‌ಡಿಎಫ್‌ಸಿ ಬ್ಯಾಂಕಿನ ತ್ರೈಮಾಸಿಕ ಫಲಿತಾಂಶ ಪೇಟೆಗೆ ರುಚಿಸದೆ, ಹಿಂದಿನ ದಿನ 48,125ಕ್ಕೆ ಮುಗಿದಿದ್ದ ಸೂಚ್ಯಂಕ 46,574ರ ಆಸುಪಾಸಿನಲ್ಲಿ ತೆರೆಯಿತು. ಬೆಳಿಗ್ಗೆ 11.46ರೊಳಗೆ ಸಮೂಹವು ಬ್ಯಾಂಕ್ ಷೇರು ಮತ್ತು ಫ್ಯೂಚರ್‌ಗಳನ್ನು ಸುಮಾರು 4,370 ಕೋಟಿ ರೂಪಾಯಿಗೆ ಕೊಂಡಿತು. ಸೂಚ್ಯಂಕ ಚೇತರಿಸಿಕೊಂಡಿತು; ಅದು ಏರಿದರೆ ಕೊಂಡವರಿಗೆ ಲಾಭ ಕೊಡುವ ಕಾಲ್ ಆಪ್ಷನ್ ತುಟ್ಟಿಯಾಯಿತು, ಇಳಿದರೆ ಲಾಭ ಕೊಡುವ ಪುಟ್ ಅಗ್ಗವಾಯಿತು. ಅದೇ ಹೊತ್ತಿಗೆ ಸಮೂಹ ಕಾಲ್ ಮಾರಿ ಪುಟ್ ಕೊಳ್ಳುತ್ತ, ಈ ಖರೀದಿಯ 7 ಪಟ್ಟಿಗೂ ಮಿಕ್ಕು ಇಳಿಕೆಯ ಮೇಲೆ ಪಣ ಕಟ್ಟಿತ್ತು. ಮಧ್ಯಾಹ್ನ ಷೇರುಗಳನ್ನು ಮಾರುತ್ತ ಹೋದಂತೆ ಸೂಚ್ಯಂಕ ಕುಸಿಯಿತು. ಷೇರು, ಫ್ಯೂಚರ್‌ಗಳಲ್ಲಿ ಸುಮಾರು 62 ಕೋಟಿ ಕಳೆದುಕೊಂಡರೂ ಆಪ್ಷನ್‌ಗಳಲ್ಲಿ ಸುಮಾರು 735 ಕೋಟಿ ಬಂತು. ಆ ದಿನ ಆಪ್ಷನ್‌ಗಳ ವಹಿವಾಟು ಮೂಲ ಷೇರುಗಳ ವಹಿವಾಟಿನ 353 ಪಟ್ಟು ಇತ್ತು. ಕಿರಿದಾದ ಷೇರುಪೇಟೆಯನ್ನು ಅಲ್ಲಾಡಿಸಿದರೆ ಹಿರಿದಾದ ಆಪ್ಷನ್ ಪೇಟೆ ಅದರೊಂದಿಗೇ ಅಲುಗುತ್ತದೆ. ಆದೇಶದ ತಿರುಳು ಇದೇ.

ಜೇನ್ ಸ್ಟ್ರೀಟ್ ಸ್ವಂತ ಹಣದಲ್ಲಿ ವಹಿವಾಟು ನಡೆಸುವ ಸಂಸ್ಥೆ. ತಾನು ನಡೆಸಿದ್ದು ಎರಡು ಪೇಟೆಗಳ ದರವ್ಯತ್ಯಾಸದ ಮಾಮೂಲು ವ್ಯಾಪಾರವೆಂಬುದು ಅದರ ವಾದ.

ಕೊಲ್ಲಾಪುರ ಸೀಮೆ

ಆಪ್ಷನ್ ಪೇಟೆಯಲ್ಲಿ ಹಣ ಹಾಕುವವರು ದೊಡ್ಡ ನಗರಗಳವರಷ್ಟೇ ಅಲ್ಲ. ದೂರದ ದರದ ಮೇಲೆ ಹಣ ಹೂಡುವುದು ಮಹಾರಾಷ್ಟ್ರದ ಕೊಲ್ಲಾಪುರ ಸೀಮೆಗೂ ಹೊಸದಲ್ಲ. 1904ರಲ್ಲಿ ವಿದ್ಯುತ್ ಮಗ್ಗ ಬಂದ ಇಚಲಕರಂಜಿಯಲ್ಲಿ ನೂಲಿನ ದರದ ಏರಿಳಿತ ಮಗ್ಗದವರಿಗೆ ನಿತ್ಯದ ತಾಪತ್ರಯ. ಗಡಿಭಾಗದಲ್ಲಿ ಬೇರೂರಿದ ಓಸಿ ಮಟ್ಕಾ ಜೂಜು ಕೂಡ ನ್ಯೂಯಾರ್ಕ್‌ನಿಂದ ಮುಂಬೈಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿ ದರಗಳಿಂದ ಹುಟ್ಟಿತೆನ್ನುತ್ತಾರೆ.

ಇಚಲಕರಂಜಿ, ಕನ್ನಡ ಮಾತಿನ ಬಳಕೆಯಿರುವ ಗಡಹಿಂಗ್ಲಜ ಎರಡೂ ಮ್ಯೂಚುವಲ್ ಫಂಡ್ ಲೆಕ್ಕದ ಮೊದಲ 30 ನಗರಗಳ ಹೊರಗಿನವು. ಸೆಬಿಯ 2024ರ ಅಧ್ಯಯನದಂತೆ ಫ್ಯೂಚರ್, ಆಪ್ಷನ್ ವಹಿವಾಟು ನಡೆಸುವ ವ್ಯಕ್ತಿಗಳಲ್ಲಿ 72%ಕ್ಕೂ ಹೆಚ್ಚು ಮಂದಿ ಇಂಥ ಊರುಗಳವರು. 2021–22ರಿಂದ ಮೂರು ವರ್ಷಗಳಲ್ಲಿ 93% ವ್ಯಕ್ತಿಗಳು ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಇದೆಲ್ಲ ದರ ತಿರುಚಿದ್ದರಿಂದಲೇ ಆಯಿತೆನ್ನಲಾಗದು: ಬ್ರೋಕರೇಜ್, ತೆರಿಗೆ ಮೊದಲಾದ ಖರ್ಚೇ ಸುಮಾರು 50,000 ಕೋಟಿ.

ನಿಯಂತ್ರಣ

ಸೆಬಿಯ ಬಿಗಿ ನಿಯಮಗಳಿಂದ 2024ರ ನವೆಂಬರ್‌ನಲ್ಲಿ ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ನಿಂತಿತು. ಒಪ್ಪಂದದ ಕನಿಷ್ಠ ಮೌಲ್ಯ 15 ಲಕ್ಷಕ್ಕೇರಿತು. ಸೆಬಿ ಅಕ್ರಮ ಗಳಿಕೆಯೆಂದು ಲೆಕ್ಕಹಾಕಿದ 4,843.57 ಕೋಟಿಯನ್ನು ಜೇನ್ ಸ್ಟ್ರೀಟ್ 2025ರ ಜುಲೈನಲ್ಲಿ ಠೇವಣಿಯಿಟ್ಟು, ಸೆಪ್ಟೆಂಬರ್‌ನಲ್ಲಿ ಷೇರು ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೋಯಿತು.