ಎರವಲಿಗೂ ಒಂದು ಕಟ್ಟಳೆ

2006ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಗ್ರೇಡನ್ ಹೋರ್ ಎಂಬ ತರುಣ ಪ್ರೋಗ್ರಾಮರ್ ಮನೆಗೆ ಮರಳಿದಾಗ ಲಿಫ್ಟ್ ಕೆಟ್ಟು ನಿಂತಿತ್ತು. ಅವರ ಮನೆ ಇದ್ದದ್ದು 21ನೇ ಮಹಡಿಯಲ್ಲಿ. ಕೆಟ್ಟದ್ದು ಯಂತ್ರವಲ್ಲ, ಅದನ್ನು ನಡೆಸುವ ತಂತ್ರಾಂಶ. ಆಗ ಬಂದ ಬೇಸರವೇ ರಸ್ಟ್ ಎಂಬ ಹೊಸ ಕಂಪ್ಯೂಟರ್ ಭಾಷೆಗೆ ನಾಂದಿಯಾಯಿತು. ಆದರೆ ಆ ಭಾಷೆ ಉತ್ತರಿಸಹೊರಟ ಪ್ರಶ್ನೆ ಮಾತ್ರ ಬಹಳ ಹಳೆಯದು.

ಕಂಪ್ಯೂಟರಿನ ಸ್ಮೃತಿ, ಅಂದರೆ ಮೆಮೊರಿ, ಒಂದು ಛತ್ರವಿದ್ದಂತೆ. ಬಂದ ಮಾಹಿತಿಗೆ ಕೋಣೆ ಕೊಡಬೇಕು, ಕೆಲಸ ಮುಗಿದೊಡನೆ ತೆರವು ಮಾಡಿಸಬೇಕು. ತೆರವು ಮಾಡಿಸದಿದ್ದರೆ ಛತ್ರ ತುಂಬಿಹೋಗುತ್ತದೆ. ಅವಸರದಿಂದ ತೆರವು ಮಾಡಿಸಿ ಬೇರೆಯವರಿಗೆ ಕೊಟ್ಟರೆ, ಹಳೆಯ ಬೀಗದಕೈ ಉಳಿಸಿಕೊಂಡವನು ಹೊಸಬರ ಕೋಣೆಗೆ ನುಗ್ಗುತ್ತಾನೆ.

ಕೋಣೆ ಯಾವಾಗ ತೆರವಾಗಬೇಕೆಂದು ನಿರ್ಧರಿಸುವವರು ಯಾರು? ಬಹುಕಾಲ ಇದಕ್ಕೆ ಎರಡು ಮುಖ್ಯ ಉತ್ತರಗಳಿದ್ದವು. 1960ರ ಸುಮಾರಿಗೆ ಅಮೆರಿಕದ ಜಾನ್ ಮೆಕಾರ್ಥಿ, ಯಾರಿಗೂ ಬೇಡವಾದ ಕೋಣೆಗಳನ್ನು ತಾನಾಗಿ ಹುಡುಕಿ ತೆರವು ಮಾಡುವ ವ್ಯವಸ್ಥೆಯನ್ನು ತಮ್ಮ ಲಿಸ್ಪ್ ಭಾಷೆಗೆ ಅಳವಡಿಸಿದರು. ಅನುಕೂಲವೇನೋ ನಿಜ, ಆದರೆ ಹುಡುಕಾಟ ನಡೆಯುವಾಗ ಉಳಿದ ಕೆಲಸ ನಿಲ್ಲುತ್ತಿತ್ತು. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆ ಇಡೀ ಹೊಣೆಯನ್ನು ಪ್ರೋಗ್ರಾಮರನಿಗೇ ಬಿಟ್ಟಿತು. ವೇಗ ಸಿಕ್ಕಿತು, ಮನುಷ್ಯನ ಮರೆವಿಗೆ ಮದ್ದು ಸಿಗಲಿಲ್ಲ. ತನ್ನ ತಂತ್ರಾಂಶಗಳಲ್ಲಿ ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಇಂಥ ಸ್ಮೃತಿ ಸಂಬಂಧದ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಮಾಹಿತಿಗಳ್ಳರು ಒಳನುಗ್ಗುವುದು ಈ ಬಾಗಿಲಿನಿಂದಲೇ.

ರಸ್ಟ್ ಹಿಡಿದದ್ದು ಮೂರನೆಯ ದಾರಿ. ಅದರ ಒಂದು ಬೇರು 1987ರಲ್ಲಿ ಫ್ರಾನ್ಸಿನ ಝಾನ್-ಈವ್ ಜಿರಾರ್ ಮಂಡಿಸಿದ ತರ್ಕದಲ್ಲಿದೆ. ಖರ್ಚಾದ ರೂಪಾಯಿಯನ್ನು ಮತ್ತೆ ಖರ್ಚು ಮಾಡಲಾಗದು ಎಂಬ ಸರಳ ಲೋಕಾನುಭವವನ್ನು ಅದು ತರ್ಕದ ನಿಯಮವಾಗಿಸಿತ್ತು. ರಸ್ಟ್‌ನ ಕಟ್ಟಳೆಯೂ ಇದೇ ಜಾಡಿನದು. ಪ್ರತಿ ಮಾಹಿತಿಗೂ ಒಬ್ಬನೇ ಒಡೆಯ. ಒಡೆತನ ಕೈಬದಲಾಯಿಸಿದರೆ ಮೊದಲಿನವನಿಗೆ ಹಕ್ಕಿಲ್ಲ. ಎರವಲು ಕೊಡಬಹುದು: ಓದುವುದಕ್ಕಾದರೆ ಎಷ್ಟು ಮಂದಿಗಾದರೂ ಸರಿ, ತಿದ್ದುವುದಕ್ಕಾದರೆ ಒಬ್ಬನಿಗೆ ಮಾತ್ರ, ಆಗ ಬೇರೆ ಯಾರೂ ಓದಕೂಡದು. ಎರವಲಿನ ಆಯುಷ್ಯ ಮೂಲವಸ್ತುವಿನ ಆಯುಷ್ಯವನ್ನು ಮೀರುವಂತಿಲ್ಲ. ಒಡೆಯನ ಕಾಲ ಮುಗಿದೊಡನೆ ಕೋಣೆ ತೆರವು. ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ಇದನ್ನೆಲ್ಲ ತಪಾಸಣೆ ಮಾಡುತ್ತದೆ. ಲೆಕ್ಕ ತಪ್ಪಿದರೆ ಮುಂದೆ ಬಿಡುವುದಿಲ್ಲ.

ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಈ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರ ಮೇ 15ರಂದು ಹೊರಬಂತು. ಸಿ ಭಾಷೆಯ ಭದ್ರಕೋಟೆಯಾದ ಲಿನಕ್ಸ್‌ನ ತಿರುಳಿಗೆ 2022ರ ಡಿಸೆಂಬರಿನಲ್ಲಿ ಪ್ರವೇಶ ಪಡೆಯಿತು. ಹಾಗೆಂದು ತಪ್ಪುಗಳೆಲ್ಲ ಮಾಯವಾದವೆಂದಲ್ಲ. ತೀರಾ ಅಗತ್ಯವಾದಾಗ ಕಟ್ಟಳೆ ಸಡಿಲಿಸಲು ಇಲ್ಲಿಯೂ ಅವಕಾಶವಿದೆ; ಆದರೆ ಆ ಜಾಗವನ್ನು ಎಲ್ಲರಿಗೂ ಕಾಣುವಂತೆ ಗುರುತು ಹಾಕಬೇಕು. ಎರವಲು ತಂದದ್ದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಬೇಕೆಂಬ ಮನೆಪಾಠ ಯಂತ್ರದ ಭಾಷೆಗೆ ಇಳಿಯಲು ಇಷ್ಟು ವರ್ಷ ಬೇಕಾಯಿತು.